786 ನಂಬರಿನ ನೋಟಿಗೆ ಮೂರು ಲಕ್ಷ ಕೊಡುತ್ತಾರಂತೆ, ನಿಜವಾ? ಅಪ್ಪ ಕೂಡಿಟ್ಟ ನೋಟುಗಳ ಬಗ್ಗೆ ತಿಳಿದವರು ಹೇಳಿ

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ಬಹಳ ವರ್ಷ ಕಿರಾಣಿ ಅಂಗಡಿ ನಡೆಸಿದವರು. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವಾಗ ಚೆಂದದ ನಂಬರ್ ಇರುವ ನೋಟು ಕಂಡರೆ ಅದನ್ನು ಎತ್ತಿಟ್ಟು, ಬದಲಿಗೆ ಜೇಬಿನಿಂದ ಅಷ್ಟೇ ದುಡ್ಡು ಹಾಕುತ್ತಿದ್ದರು. ಹಾಗೆ ಸೇರಿದ್ದು ಒಂದು ದಪ್ಪ ಡೈರಿ ತುಂಬ ಇದೆ. ಈಗ ಅಂಗಡಿ ತಮ್ಮ ನೋಡಿಕೊಳ್ಳುತ್ತಾನೆ, ಅಪ್ಪನಿಗೆ ಕಣ್ಣು ಅಷ್ಟು ಕಾಣಿಸುವುದಿಲ್ಲ, ಡೈರಿ ನನ್ನ ಕೈಗೆ ಬಂದಿದೆ.

ಅದರಲ್ಲಿ ಇರುವುದು ಹೀಗೆ. 786 ಬರುವ ನೋಟುಗಳೇ ಜಾಸ್ತಿ, ಹತ್ತು, ಇಪ್ಪತ್ತು, ಐವತ್ತು, ನೂರು ಎಲ್ಲ ಬೆರೆತು ಹದಿನೈದರ ಹತ್ತಿರ ಇರಬಹುದು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ಒಂದು, ಅದರ ನಂಬರ್ 234432. ನಂಬರ್ ಮಧ್ಯೆ ನಕ್ಷತ್ರ ಇರುವ ಇಪ್ಪತ್ತರ ನೋಟುಗಳು ಕೆಲವು. ಹಳೆಯ 500ರ ನೋಟು ನಾಲ್ಕು, 2016ರಲ್ಲಿ ರದ್ದಾದವು. ಇನ್ನೊಂದು ಹತ್ತರ ನೋಟಿನಲ್ಲಿ ಪ್ರಿಂಟಿಂಗ್ ತಪ್ಪಾಗಿ ಒಂದು ಸೊನ್ನೆ ಜಾಸ್ತಿ ಬಿದ್ದಿದೆ, ಬೇರೆ ನೋಟಿಗೆಲ್ಲ ಆರು ಅಂಕಿ ಇದ್ದರೆ ಇದಕ್ಕೆ ಏಳು. ಅದು ನಕಲಿಯೋ ಏನೋ ಗೊತ್ತಿಲ್ಲ.

ನನ್ನ ಚಿಕ್ಕಪ್ಪನ ಮಗ 786ರ ಒಂದು ನೋಟಿನ ಫೋಟೋ ಯಾವುದೋ ಸೈಟಿನಲ್ಲಿ ಹಾಕಿದ. ಮರುದಿನವೇ ಫೋನ್ ಬಂತು. ಮೂರು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ 2,650 ಕಟ್ಟಿ, ಆಮೇಲೆ ಜಿಎಸ್‌ಟಿ ಅಂತ ಸ್ವಲ್ಪ ಕಟ್ಟಬೇಕಾಗುತ್ತದೆ, ಅದೆಲ್ಲ ದುಡ್ಡು ಬರುವಾಗ ವಾಪಸ್ ಸೇರುತ್ತದೆ ಅಂದರು. ವಾಟ್ಸಾಪ್‌ನಲ್ಲಿ ಆರ್‌ಬಿಐ ಮೊಹರು ಇರುವ ಕಾಗದವನ್ನೂ ಕಳಿಸಿದ್ದಾರೆ. ಯಜಮಾನರು ಇದೆಲ್ಲ ಮೋಸ ಅನ್ನುತ್ತಾರೆ. ತಮ್ಮ ಮಾತ್ರ ಎರಡು ಸಾವಿರ ತಾನೇ, ಕಟ್ಟಿ ನೋಡೋಣ ಅನ್ನುತ್ತಿದ್ದಾನೆ. ಇನ್ನೂ ಏನೂ ಕಟ್ಟಿಲ್ಲ.

ಈ ನೋಟುಗಳಿಗೆ ನಿಜವಾಗಿ ಬೆಲೆ ಇದೆಯಾ? ಮಾರುವುದಕ್ಕಿಂತ ಇವನ್ನು ಸರಿಯಾಗಿ ಜೋಡಿಸಿ ಇಡಬೇಕು, ಆಗುವುದಾದರೆ ಮುಂದುವರಿಸಬೇಕು ಅನ್ನುವ ಆಸೆ ಜಾಸ್ತಿ ಇದೆ. ಎಲ್ಲಿಂದ ಶುರು ಮಾಡಲಿ?

ಚಿಲ್ಲರೆ ಚಂದ್ರು, ಬೆಂಗಳೂರು:

ಅಕ್ಕ, ಮೊದಲು ಆ ನಂಬರ್ ಬ್ಲಾಕ್ ಮಾಡಿ. ಒಂದು ರೂಪಾಯಿಯನ್ನೂ ಕಳಿಸಬೇಡಿ.

ನೋಟು ಕೊಳ್ಳುವವನು ಮಾರುವವರ ಹತ್ತಿರ ಮುಂಗಡ ಕೇಳುವುದಿಲ್ಲ. ಅಂಗಡಿಗೆ ಬಂದ ಗಿರಾಕಿ ಅಕ್ಕಿ ಕೊಳ್ಳಬೇಕಾದರೆ ನೀವು ಮೊದಲು ದುಡ್ಡು ಕೊಡಿ ಅಂದರೆ ನಿಮ್ಮ ಅಪ್ಪ ಏನು ಮಾಡುತ್ತಿದ್ದರು ಹೇಳಿ. ಇವರ ದಾರಿ ಯಾವಾಗಲೂ ಒಂದೇ. ಮೊದಲು ನೋಂದಣಿ, ಆಮೇಲೆ ತೆರಿಗೆ, ಆಮೇಲೆ ಕೊರಿಯರ್ ವಿಮೆ, ಆಮೇಲೆ ಫೈಲು ಆರ್‌ಬಿಐನಲ್ಲಿ ಸಿಕ್ಕಿಕೊಂಡಿದೆ ಅಂತ ಇನ್ನೊಂದಷ್ಟು. ನೀವು ಕಟ್ಟುವುದನ್ನು ನಿಲ್ಲಿಸುವವರೆಗೆ ಕೇಳುತ್ತಲೇ ಇರುತ್ತಾರೆ. ಈ ರೀತಿ ನಡೆಯುತ್ತಿದೆ ಅಂತ ಗೊತ್ತಾಗಿಯೇ 2021ರ ಆಗಸ್ಟ್‌ನಲ್ಲಿ ಆರ್‌ಬಿಐ ಪ್ರಕಟಣೆ ಕೊಟ್ಟಿತು. ಹಳೆಯ ನೋಟು, ನಾಣ್ಯದ ವ್ಯವಹಾರದಲ್ಲಿ ನಾವು ಕೈ ಹಾಕುವುದಿಲ್ಲ, ಶುಲ್ಕವಾಗಲಿ ಕಮಿಷನ್ ಆಗಲಿ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಅಂದಮೇಲೆ ಆ ಮೊಹರಿನ ಕಾಗದ ಸುಳ್ಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಿಮ್ಮ ಕಸಿನ್ ಆ ಜನರಿಗೆ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಫೋಟೋ ಕಳಿಸಿದ್ದಾರಾ ಕೇಳಿ. ಕಳಿಸಿದ್ದರೆ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಟ್ರ್ಯಾಕ್ಟರ್ ಇರುವ ಐದು ರೂಪಾಯಿಗೂ ಇದೇ ರೀತಿ ಲಕ್ಷಗಟ್ಟಲೆ ಜಾಹೀರಾತು ಓಡಾಡುತ್ತವೆ, ನಂಬಬೇಡಿ.

ಆದರೆ ಆ ಏಳು ಅಂಕಿಯ ಹತ್ತರ ನೋಟು. ಅದರ ನಂಬರ್ ಏನು? 1000000 ಅಂತ ಇದೆಯಾ? ಇದ್ದರೆ ಅದನ್ನು ಯಾರಿಗೂ ಕೊಡಬೇಡಿ, ದಯವಿಟ್ಟು ಮೊದಲು ಇಲ್ಲಿ ಹೇಳಿ.

ಕೌಂಟರ್ ನಂ. 3:

ನಾನು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲೇ ಜಾಸ್ತಿ ವರ್ಷ ಕಳೆದವನು, ಈಗ ನಿವೃತ್ತಿಯಾಗಿ ಹುಬ್ಬಳ್ಳಿಯಲ್ಲಿದ್ದೇನೆ. 786ರ ಲೆಕ್ಕ ಹೇಳುತ್ತೇನೆ ಕೇಳು ತಂಗಿ, ಇದು ಗೊತ್ತಾದರೆ ಯಾರೂ ನಿನಗೆ ಮೋಸ ಮಾಡಲಾರರು.

ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಸಾಲು ನಂಬರಿನ ಹೊಸ ಬಂಡಲ್ ಬಂತು ಅಂದರೆ ಅದರಲ್ಲಿ ಸಾವಿರ ನೋಟು ಸಾಲಾಗಿ ಇರುತ್ತವೆ. ಅಂಥ ಸಾವಿರದಲ್ಲಿ ಕೊನೆಗೆ 786 ಬರುವ ನೋಟು ಒಂದು ಇದ್ದೇ ಇರುತ್ತದೆ. ಹತ್ತರ ಬಂಡಲ್ ಆಗಲಿ ಐನೂರರದಾಗಲಿ, ಅಂಥ ಪ್ರತಿ ಬಂಡಲಿನಲ್ಲೂ ಒಂದು. ಮೊದಲಲ್ಲೋ ಮಧ್ಯದಲ್ಲೋ ಎಲ್ಲಾದರೂ 786 ಇದ್ದರೆ ಸಾಕು ಅಂದರೆ, ಹತ್ತು ಲಕ್ಷ ನೋಟಿನ ಒಂದು ಸರಣಿಯಲ್ಲಿ 3,999 ಸಿಗುತ್ತವೆ. ಹೆಚ್ಚು ಕಡಿಮೆ ಇನ್ನೂರೈವತ್ತು ನೋಟಿಗೆ ಒಂದು. ಇಂಥದ್ದಕ್ಕೆ ಮೂರು ಲಕ್ಷ ಯಾರು ಕೊಡುತ್ತಾರೆ?

ಹಾಗಂತ 786ಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಮುಸ್ಲಿಂ ಬಾಂಧವರಿಗೆ ಅದು ಬಿಸ್ಮಿಲ್ಲಾದ ಅಕ್ಷರಗಳ ಲೆಕ್ಕದಿಂದ ಬಂದ ಸಂಖ್ಯೆ, ಬರಕತ್ತು ಅಂತ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ರಂಜಾನ್ ಹತ್ತಿರ ಬಂದಾಗ ನಮ್ಮ ಕೌಂಟರಿಗೆ ಬಂದು, ಸಾಹೇಬ್ರೇ, ಒಂದು ನೋಡಿ ಕೊಡ್ರಿ ಅಂತ ಕೇಳುವವರು ಇದ್ದರು. ಈದಿ, ಅಂದರೆ ಹಬ್ಬದ ಉಡುಗೊರೆ ಕೊಡಲಿಕ್ಕೆ ಬೇಕು ಅಂತ. ಇದ್ದರೆ ಸಂತೋಷದಿಂದ ಕೊಡುತ್ತಿದ್ದೆವು, ಮುಖಬೆಲೆಗೇ. ಪ್ರೀತಿಗೆ ಕೊಳ್ಳುವವರು ಮುಖಬೆಲೆಗಿಂತ ಸ್ವಲ್ಪ ಮೇಲೆ ಕೊಡಬಹುದು, ಅಷ್ಟೇ. 786786 ಅಂತ ಇದ್ದರೆ ಮಾತು ಬೇರೆ, ಅದು ಹತ್ತು ಲಕ್ಷಕ್ಕೆ ಒಂದೇ.

ನಕ್ಷತ್ರದ ನೋಟಿನ ವಿಷಯ. ಅದು ನಕಲಿ ಅಲ್ಲ, ತಪ್ಪು ಮುದ್ರಣವೂ ಅಲ್ಲ. ಮೊದಲೆಲ್ಲ ಪ್ರೆಸ್ಸಿನಲ್ಲಿ ನೋಟು ಕೆಟ್ಟರೆ ಅದೇ ನಂಬರಿನ ಇನ್ನೊಂದನ್ನು ಅಚ್ಚು ಹಾಕಿ ಪ್ಯಾಕೆಟ್ಟಿಗೆ ಸೇರಿಸಬೇಕಿತ್ತು, ಏಕೆಂದರೆ ಆಗ ಪ್ಯಾಕೆಟ್ ಅಂದರೆ ಒಂದರಿಂದ ನೂರು ಸಾಲಾಗಿ ಇರಲೇಬೇಕಿತ್ತು. 2006ರಲ್ಲಿ ಇದನ್ನು ಬದಲಾಯಿಸಿ 10, 20, 50ರ ನೋಟುಗಳಿಗೆ ಸ್ಟಾರ್ ಸರಣಿ ತಂದರು. ಕೆಟ್ಟ ನೋಟಿನ ಜಾಗಕ್ಕೆ ಸ್ಟಾರ್ ನೋಟು ಕೂರುತ್ತದೆ, ಅಂಥ ಪ್ಯಾಕೆಟ್ಟಿನ ಪಟ್ಟಿಯ ಮೇಲೂ ಅದನ್ನು ನಮೂದಿಸಿರುತ್ತಾರೆ. 2016ರಲ್ಲಿ ಹೊಸ 500ಕ್ಕೂ ಬಂತು. 2023ರಲ್ಲಿ ಇದು ಖೋಟಾ ನೋಟು ಅಂತ ವಾಟ್ಸಾಪ್‌ನಲ್ಲಿ ಗದ್ದಲ ಎದ್ದು, ಆರ್‌ಬಿಐ ಮತ್ತೆ ಸ್ಪಷ್ಟನೆ ಕೊಡಬೇಕಾಯಿತು. ನಿಮ್ಮ ತಂದೆಯವರು ಅವನ್ನು ತೆಗೆದಿಟ್ಟಿದ್ದು ಒಳ್ಳೆಯದೇ ಆಯಿತು. ಬೇರೆ ನೋಟಿಗಿಂತ ಅವು ಕಡಿಮೆ ಸಂಖ್ಯೆಯಲ್ಲಿ ಇರುತ್ತವೆ, ಸಂಗ್ರಹ ಮಾಡುವವರು ಹುಡುಕುತ್ತಾರೆ.

ಹಳೆಯ 500 ನಾಲ್ಕು ಇರುವುದಕ್ಕೆ ಹೆದರಬೇಡ. 2017ರಲ್ಲಿ ಇದಕ್ಕೆ ಕಾನೂನೇ ಆಗಿದೆ. 500, 1000 ಎರಡೂ ಸೇರಿ ಯಾರೇ ಆದರೂ ಹತ್ತು ನೋಟಿನವರೆಗೆ ಇಟ್ಟುಕೊಳ್ಳಬಹುದು, ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂದರೆ ಇಪ್ಪತ್ತೈದರವರೆಗೆ. ಅದಕ್ಕಿಂತ ಜಾಸ್ತಿ ಇದ್ದರೆ ದಂಡ. ಇನ್ನೂ ಎಲ್ಲಾದರೂ ಸಿಕ್ಕಿದರೆ ಎಣಿಸಿಕೊಂಡು ಇಡು.

ಮಲೆನಾಡ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಫೋನಿನವರನ್ನು ಬ್ಲಾಕ್ ಮಾಡಿಸಿದೆ, ಫೋಟೋವನ್ನೂ ತೆಗೆಸಿದೆ. ಕೌಂಟರ್ ಅಣ್ಣ ಹೇಳಿದ ಲೆಕ್ಕವನ್ನು ತಮ್ಮನಿಗೆ ಓದಿ ಹೇಳಿದೆ, ಅವನು ಅಂಗಡಿಯಲ್ಲಿದ್ದ ಹೊಸ ಹತ್ತರ ಪ್ಯಾಕೆಟ್ ತೆಗೆದು ನೋಡಿದರೆ 86 ಬರುವ ನೋಟು ಇತ್ತು, ಅದರ ಹಿಂದಿನ ಅಂಕಿ ಮಾತ್ರ 7 ಅಲ್ಲ, 4. ಈಗ ಅವನಿಗೂ ಅರ್ಥವಾಗಿದೆ.

ಚಂದ್ರು ಅವರೇ, ಹೌದು, 1000000 ಅಂತಲೇ ಇದೆ. ಒಂದರ ಮುಂದೆ ಆರು ಸೊನ್ನೆ. ಹಿಂಭಾಗದಲ್ಲಿ ಆನೆ, ಹುಲಿ, ಘೇಂಡಾಮೃಗದ ತಲೆ ಇರುವ ಹಳೆಯ ಹತ್ತರ ನೋಟು, ಎದುರಿಗೆ ಗಾಂಧೀಜಿ. ಆಗಿನ ಆರ್‌ಬಿಐ ಗವರ್ನರ್ ಬಿಮಲ್ ಜಲಾನ್ ಸಹಿ ಇದೆ. ನಡುವೆ ಒಂದು ಮಡಿಕೆ ಬಿಟ್ಟರೆ ನೋಟು ಗರಿಗರಿಯಾಗಿಯೇ ಇದೆ. ಇದರಲ್ಲಿ ಅಂಥದ್ದೇನಿದೆ?

ಚಿಲ್ಲರೆ ಚಂದ್ರು, ಬೆಂಗಳೂರು:

ಅಕ್ಕ, ನಿಮ್ಮ ಡೈರಿಯ ರಾಜ ಅದೇ. ಪ್ರಿಂಟಿಂಗ್ ತಪ್ಪಲ್ಲ.

ನಮ್ಮ ನೋಟಿನ ನಂಬರ್ ಎರಡು ಭಾಗ. ಮೊದಲು ಅಂಕಿ, ಅಕ್ಷರ ಸೇರಿದ ಪ್ರಿಫಿಕ್ಸ್, ಆಮೇಲೆ ಆರು ಅಂಕಿ. ಒಂದು ಪ್ರಿಫಿಕ್ಸಿನಲ್ಲಿ ಎಣಿಕೆ 000001ರಿಂದ ಶುರುವಾಗುತ್ತದೆ. 000000 ಅಂತ ನೋಟು ಬರುವುದಿಲ್ಲ. ಹಾಗಾಗಿ 999999 ಆದಮೇಲೂ ಹತ್ತು ಲಕ್ಷ ಭರ್ತಿ ಆಗಬೇಕಾದರೆ ಇನ್ನೊಂದು ನೋಟು ಬೇಕಲ್ಲ, ಅದೇ 1000000. ಇಡೀ ಸರಣಿಯಲ್ಲಿ ಏಳು ಅಂಕಿ ಇರುವ ನೋಟು ಅದೊಂದೇ. ನಾವು ಅದನ್ನು ಹತ್ತು ಲಕ್ಷದ ನಂಬರ್ ಅಂತಲೇ ಕರೆಯುವುದು. ಹರಾಜಿಗೆ ಬಂದರೆ ಜನ ಎದ್ದು ಕೂರುತ್ತಾರೆ. ಅಂಗಡಿಯ ಚಿಲ್ಲರೆಯಲ್ಲಿ ಅದು ಕೈಗೆ ಸಿಗುವುದು, ಸಿಕ್ಕಾಗ ಗಮನಿಸಿ ಎತ್ತಿಡುವುದು ಅಂದರೆ ನಿಮ್ಮ ಅಪ್ಪನ ಕಣ್ಣಿಗೆ ಕೈ ಮುಗಿಯಬೇಕು.

ನಂಬರ್ ಎಷ್ಟು ಅಪರೂಪ ಅಂತ ತಿಳಿಯಲು ನಾನು ಯಾವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹತ್ತು ಲಕ್ಷದಲ್ಲಿ ಇಂಥವು ಎಷ್ಟು ಇರಲು ಸಾಧ್ಯ? ಒಂದೇ ಅಂಕಿ ಆರು ಸಲ ಬರುವುದು, 111111ರಿಂದ 999999ವರೆಗೆ, ಬರೀ ಒಂಬತ್ತು. ಇವು ಸಾಲಿಡ್. 123456 ಥರ ಮೆಟ್ಟಿಲು ಹತ್ತುವುದು 012345 ಸೇರಿ ಐದು, ಇಳಿಯುವುದು ಐದು. ನಿಮ್ಮ ಟ್ರ್ಯಾಕ್ಟರ್ ನೋಟಿನ 234432 ಹಿಂದಿನಿಂದ ಓದಿದರೂ ಅದೇ, ಅಂಥವನ್ನು ರಾಡಾರ್ ಅನ್ನುತ್ತಾರೆ, ಅವು 999 ಇರುತ್ತವೆ. 527527 ಥರದ ರಿಪೀಟರ್ ಕೂಡ ಅಷ್ಟೇ. ಎರಡೇ ಅಂಕಿ ಆಟವಾಡುವ 311313 ಥರದವು ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. ಈ ಲೆಕ್ಕ ಕೈಯಲ್ಲಿದ್ದರೆ ಮಾರುವವನು ಅಪರೂಪ, ಅಪರೂಪ ಅಂತ ಕೂಗಿದರೂ ನಿಮಗೆ ಗಲಿಬಿಲಿ ಆಗುವುದಿಲ್ಲ.

ಇನ್ನು ನಿಮ್ಮ ನೋಟು ಅಸಲಿಯಾ ಅಂತ ನೋಡಬೇಕು. ಬೆಲೆ ಬಾಳುವ ನಂಬರುಗಳಲ್ಲಿ ಮೋಸ ಜಾಸ್ತಿ. ನೋಟು ಅಸಲಿಯೇ ಇರುತ್ತದೆ, ಅಂಕಿಯನ್ನು ಮಾತ್ರ ಕೆರೆದು ಬೇರೆ ಬರೆದಿರುತ್ತಾರೆ ಅಥವಾ ಹೊಸದಾಗಿ ಸೇರಿಸಿರುತ್ತಾರೆ. ಎರಡು ಕಡೆಯ ನಂಬರನ್ನೂ ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಿ. ಅಂಕಿಗಳ ನಡುವಿನ ಅಂತರ, ಕೆಂಪಿನ ಬಣ್ಣ, ಅಂಚು ಒಂದೇ ಥರ ಇವೆಯಾ? ಒಂದು ಸೊನ್ನೆ ಮಾತ್ರ ಮೇಲೆ ಕೆಳಗೆ ಕೂತಿದೆಯಾ? ಆಮೇಲೆ ಬೆಳಕಿಗೆ ಹಿಡಿಯಿರಿ, ಕೆರೆದ ಜಾಗ ತೆಳ್ಳಗೆ ಕಾಣುತ್ತದೆ. ತಮ್ಮನ ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೀಲಿ ಬೆಳಕಿನ ಮಿಷನ್ ಇದ್ದರೆ ಅದರ ಕೆಳಗೆ ಇಡಿ. ಗಾಂಧಿ ಸರಣಿಯ ನೋಟಿನಲ್ಲಿ ನಂಬರ್ ಅಚ್ಚು ಹಾಕುವುದು ಆ ಬೆಳಕಿಗೆ ಹೊಳೆಯುವ ಶಾಯಿಯಲ್ಲಿ. ಏಳೂ ಅಂಕಿ ಒಂದೇ ಥರ ಹೊಳೆಯಬೇಕು. ಒಂದೋ ಎರಡೋ ಮಂಕಾಗಿದ್ದರೆ ಅನುಮಾನ ಪಡಬೇಕು.

ಬೆಲೆ ಎಷ್ಟು ಅಂತ ಇಲ್ಲಿ ಯಾರಾದರೂ ಹೇಳಿದರೆ ಅದು ಬರೀ ಊಹೆ. ಸೈಟುಗಳಲ್ಲಿ ಮಾರುವವರು ಬರೆದುಕೊಂಡ ಬೆಲೆಗೆ ಅರ್ಥವಿಲ್ಲ, ಯಾರು ಏನು ಬೇಕಾದರೂ ಬರೆಯಬಹುದು. ಹರಾಜು ಸಂಸ್ಥೆಗಳು ಹರಾಜು ಮುಗಿದಮೇಲೆ ಯಾವ ನೋಟು ಎಷ್ಟಕ್ಕೆ ಹೋಯಿತು ಅಂತ ಪ್ರಕಟಿಸುತ್ತವೆ, ಅದನ್ನು ನೋಡಿ. ಅದೇ ಹತ್ತರ ನೋಟು, ಅದೇ ಸಹಿ, ಹೆಚ್ಚು ಕಡಿಮೆ ಅದೇ ಸ್ಥಿತಿ ಇರುವುದನ್ನೇ ಹೋಲಿಸಬೇಕು. ನಡುವಿನ ಮಡಿಕೆಯಿಂದ ಬೆಲೆ ಇಳಿಯುತ್ತದೆ, ಆದರೆ ಇಂಥ ನಂಬರಿಗೆ ಮಡಿಕೆ ಇದ್ದರೂ ಕೊಳ್ಳುವವರು ಇದ್ದೇ ಇದ್ದಾರೆ. ಆ ಮಡಿಕೆ ಹೋಗಲಿ ಅಂತ ಇಸ್ತ್ರಿ ಮಾತ್ರ ಹಾಕಬೇಡಿ! ನೀರಿನಲ್ಲಿ ತೊಳೆಯುವುದೂ ಬೇಡ, ರಬ್ಬರ್ ಉಜ್ಜುವುದೂ ಬೇಡ. ತಿಳಿದವರು ಕೈಗೆ ತೆಗೆದುಕೊಂಡ ಕೂಡಲೇ ಕಂಡುಹಿಡಿಯುತ್ತಾರೆ, ಇದ್ದ ಬೆಲೆಯೂ ಹೋಗುತ್ತದೆ.

ಸಹಿ ಸಂಗ್ರಹ:

ಚಂದ್ರು ಹೇಳಿದ್ದೆಲ್ಲ ಸರಿ, ಆದರೆ ನಂಬರ್ ಒಂದನ್ನೇ ನೋಡುವುದಕ್ಕೆ ನನ್ನ ತಕರಾರು ಇದೆ. ಇಲ್ಲಿ ಎಲ್ಲರೂ 786 ಅಂದರೆ ಏನೂ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದಾರೆ. ನನಗೆ ಆ ಡೈರಿಯಲ್ಲಿ ಅತಿ ಚೆಂದ ಅನ್ನಿಸಿದ್ದು ಆ ಹದಿನೈದು ನೋಟುಗಳೇ.

ಯಾಕೆ ಅಂದರೆ, ಬರೀ ನಂಬರಿನಿಂದ ನೋಟು ಯಾವುದು ಅಂತ ಗುರುತಿಸಲು ಆಗುವುದಿಲ್ಲ. ಪ್ರಿಫಿಕ್ಸ್ ಸಮೇತ ಒಂದೇ ನಂಬರಿನ ಎರಡು ಅಸಲಿ ನೋಟು ಇರಬಹುದು, ಇದನ್ನು ಆರ್‌ಬಿಐಯೇ ಹೇಳುತ್ತದೆ. ಆಗ ಅವುಗಳ ಇನ್‌ಸೆಟ್ ಅಕ್ಷರ ಬೇರೆ ಇರುತ್ತದೆ, ಇಲ್ಲವೇ ಮುದ್ರಣದ ವರ್ಷ, ಇಲ್ಲವೇ ಗವರ್ನರ್ ಸಹಿ ಬೇರೆ ಇರುತ್ತದೆ. ಇನ್‌ಸೆಟ್ ಅಕ್ಷರ ಅಂದರೆ ನಂಬರ್ ಇರುವ ಜಾಗದಲ್ಲೇ, ಅಂಕಿಗಳ ಹಿನ್ನೆಲೆಯಲ್ಲಿ ಅಚ್ಚಾಗಿರುವ ಒಂದು ಇಂಗ್ಲಿಷ್ ಅಕ್ಷರ, ಕೆಲವು ನೋಟಿನಲ್ಲಿ ಅದು ಇರುವುದಿಲ್ಲ. ಬಹಳ ಜನ ನೋಟನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದರೂ ಅದನ್ನು ಗಮನಿಸಿರುವುದಿಲ್ಲ. ಮುದ್ರಣದ ವರ್ಷ ಹಿಂಭಾಗದ ಕೆಳಗಡೆ ಸಣ್ಣದಾಗಿ ಇರುತ್ತದೆ, ಅದು 2005ರಿಂದ ಬಂದ ಕ್ರಮ.

ಈಗ ನಿಮ್ಮ 786 ನೋಟುಗಳನ್ನು ಮೇಜಿನ ಮೇಲೆ ಹರಡಿ ಸಹಿ ನೋಡುತ್ತಾ ಹೋಗಿ. ರಂಗರಾಜನ್, ಬಿಮಲ್ ಜಲಾನ್, ವೈ. ವಿ. ರೆಡ್ಡಿ, ಸುಬ್ಬರಾವ್, ರಘುರಾಮ್ ರಾಜನ್, ಊರ್ಜಿತ್ ಪಟೇಲ್, ಶಕ್ತಿಕಾಂತ ದಾಸ್, ಈಗಿನ ಸಂಜಯ್ ಮಲ್ಹೋತ್ರಾ. 1996ರಲ್ಲಿ ಗಾಂಧಿ ಸರಣಿ ಬಂದ ಮೇಲೆ ಗವರ್ನರ್ ಕುರ್ಚಿಯಲ್ಲಿ ಕೂತವರು ಇವರೆಲ್ಲ. ಒಬ್ಬೊಬ್ಬರ ಸಹಿಯ 786 ಒಂದೊಂದು ಇದ್ದರೆ ಅದು ಒಂದು ಸೆಟ್. ಯಾರ ಸಹಿ ಇಲ್ಲವೋ ಅದನ್ನು ನೀವು ಹುಡುಕಬೇಕು. ಅಪ್ಪ ಶುರು ಮಾಡಿದ್ದನ್ನು ಮುಂದುವರಿಸಬೇಕು ಅಂದಿರಲ್ಲ, ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ. ಖರ್ಚೂ ಇಲ್ಲ, ಹೊಸ ಸಹಿಯದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಸಿಗುತ್ತದೆ.

ನಂಬರ್ ಅಚ್ಚಾಗುವ ರೀತಿಯೂ ಬದಲಾಗಿದೆ. 2015ರಿಂದ ಅಂಕಿಗಳು ಎಡದಿಂದ ಬಲಕ್ಕೆ ಹೋಗುತ್ತಾ ದೊಡ್ಡದಾಗುತ್ತವೆ. ಪ್ರಿಫಿಕ್ಸಿನ ಮೂರು ಅಂಕಿ-ಅಕ್ಷರ ಮಾತ್ರ ಒಂದೇ ಅಳತೆ. ಖೋಟಾ ಮಾಡುವವರಿಗೆ ಕಷ್ಟ ಆಗಲಿ ಅಂತ ತಂದಿದ್ದು. ಒಂದೇ 786 ಹಳೆಯ ನೋಟಿನಲ್ಲಿ ಹೇಗೆ ಕಾಣುತ್ತದೆ, ಹೊಸದರಲ್ಲಿ 7 ಚಿಕ್ಕದು, 8 ಸ್ವಲ್ಪ ದೊಡ್ಡದು, 6 ಇನ್ನೂ ದೊಡ್ಡದು ಆಗಿ ಹೇಗೆ ಕಾಣುತ್ತದೆ ಅಂತ ಪಕ್ಕಪಕ್ಕ ಇಟ್ಟು ನೋಡಿ, ಖುಷಿಯಾಗುತ್ತದೆ.

ಕೌಂಟರ್ ನಂ. 3:

ಸಹಿ ಸಂಗ್ರಹ ಅವರೇ, ಒಪ್ಪಿದೆ. ನಾನು ಹೇಳಿದ್ದು ಮಾರುವ ಬೆಲೆಯ ಮಾತು, ಇಟ್ಟುಕೊಳ್ಳುವ ಮಾತಲ್ಲ. ಸೆಟ್ ಮಾಡುವುದಾದರೆ 786ರಷ್ಟು ಸುಲಭವಾಗಿ ಬೇರೆ ಯಾವುದೂ ಸಿಗುವುದಿಲ್ಲ, ಅದು ಅದರ ಒಳ್ಳೆಯ ಗುಣವೇ.

ಮೈಸೂರು ಸಂತು:

ನಾನೂ ಹುಡುಕುವವನೇ, ಆದರೆ ನನ್ನದು ತಾರೀಕಿನ ನೋಟುಗಳು. ಆರು ಅಂಕಿಯನ್ನು ದಿನ, ತಿಂಗಳು, ವರ್ಷ ಅಂತ ಓದಿದರೆ ಆಯಿತು. ಸುಮ್ನೆ ಯಾವುದೋ ಒಂದು ತಾರೀಕು ಆಗುವ ನಂಬರ್ ಬೇಕಾದಷ್ಟು ಸಿಗುತ್ತವೆ, ನೂರು ನೋಟಿಗೆ ಮೂರು ನಾಲ್ಕು. ಆದರೆ ನಮಗೆ ಬೇಕಾದ ಒಂದು ತಾರೀಕು ಹತ್ತು ಲಕ್ಷಕ್ಕೆ ಒಂದೇ! ಅದಕ್ಕೇ ಇದರ ಮಜಾ.

ಎಲ್ಲರೂ 150847, 260150 ಹುಡುಕುತ್ತಾರೆ. ಸ್ವಾತಂತ್ರ್ಯ ಬಂದ ದಿನ, ಗಣರಾಜ್ಯವಾದ ದಿನ. ಅವಕ್ಕೆ ಪೈಪೋಟಿ ಜಾಸ್ತಿ, ಸಿಕ್ಕಿದರೂ ಬೆಲೆ ಜಾಸ್ತಿ. ನಾನು ಕನ್ನಡದ ತಾರೀಕುಗಳ ಪಟ್ಟಿ ಮಾಡಿಕೊಂಡಿದ್ದೇನೆ. 011156, ರಾಜ್ಯ ಒಂದಾದ ದಿನ. 011173, ಕರ್ನಾಟಕ ಅಂತ ಹೆಸರು ಬಂದ ದಿನ. 291204, ಕುವೆಂಪು ಹುಟ್ಟಿದ ದಿನ. 011173ನ್ನು ಐವತ್ತರ ಹೊಸ ನೋಟಿನಲ್ಲೇ ಹಿಡಿಯಬೇಕು ಅಂತ ನನ್ನ ಹಟ, ಯಾಕೆ ಅಂದರೆ 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಕಂಡರೆ ಖರ್ಚು ಮಾಡಬೇಡಿ, ನನಗೆ ಹೇಳಿ, ಬದಲಿಗೆ ಸ್ಟಾರ್ ನೋಟು ಕೊಡುತ್ತೇನೆ.

ಮಲೆನಾಡ ಮಗಳು ಅವರೇ, ಮನೆಯವರ ಹುಟ್ಟಿದ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದು ತಮ್ಮನ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಅಂಗಡಿ ಇರುವವರಿಗೆ ಇರುವ ಅನುಕೂಲ ಬೇರೆಯವರಿಗೆ ಇಲ್ಲ. ನಾವು ಎಟಿಎಂನಿಂದ ಬಂದ ನಾಲ್ಕು ನೋಟು ನೋಡಿ ಸುಮ್ಮನಾಗಬೇಕು, ನಿಮ್ಮಲ್ಲಿ ದಿನವೂ ಊರಿನ ನೋಟೆಲ್ಲ ಕೈ ಮೇಲೆ ಹಾದುಹೋಗುತ್ತವೆ. ಹತ್ತು, ಇಪ್ಪತ್ತರ ನೋಟಿನಲ್ಲೇ ಹುಡುಕಿ, ಎತ್ತಿಟ್ಟರೂ ಜೇಬಿಗೆ ಭಾರ ಆಗುವುದಿಲ್ಲ. 500ರಲ್ಲಿ ಶುರು ಮಾಡಿದರೆ ಬೇಗ ದುಡ್ಡು ಸಿಕ್ಕಿಕೊಳ್ಳುತ್ತದೆ.

ನಮ್ಮ ಮೈಸೂರಿನವರಿಗೆ ಇದರಲ್ಲಿ ಇನ್ನೊಂದು ಹೆಮ್ಮೆ. ದೇಶದಲ್ಲಿ ನೋಟು ಅಚ್ಚು ಹಾಕುವ ನಾಲ್ಕು ಕಡೆಯಲ್ಲಿ ನಮ್ಮದೂ ಒಂದು, ಉಳಿದವು ನಾಸಿಕ್, ದೇವಾಸ್, ಸಾಲ್ಬೋನಿ. ನೋಟಿನ ಕಾಗದದ ಕಾರ್ಖಾನೆಯೂ ಇಲ್ಲೇ ಇದೆ. ನೋಟು ತಿರುಗಿಸಿ ಭಾಷೆಗಳ ಪಟ್ಟಿ ನೋಡಿದರೆ ಮೇಲಿನಿಂದ ನಾಲ್ಕನೆಯದು ಕನ್ನಡ.

ಬೆಂಗಳೂರಿಗೆ ಹೋದಾಗ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಝಾಕ್ ಅವರು ಮಾಡಿರುವ ಭಾರತೀಯ ಕಾಗದದ ಹಣದ ಮ್ಯೂಸಿಯಂ ಇದೆ, ಅಪ್ಪನನ್ನೂ ಕರೆದುಕೊಂಡು ಹೋಗಿ.

ಮಲೆನಾಡ ಮಗಳು:

ಇಷ್ಟೆಲ್ಲ ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ನೀಲಿ ಬೆಳಕಿನ ಮಿಷನ್ ಕೆಳಗೆ ಇಟ್ಟು ನೋಡಿದೆವು, ಏಳು ಅಂಕಿಯೂ ಎರಡು ಕಡೆಯೂ ಒಂದೇ ಸಮ ಹೊಳೆಯಿತು. ಅಪ್ಪನಿಗೆ ಹೇಳಿದರೆ, ಸೊನ್ನೆ ಎಣಿಸಿಯೇ ಎತ್ತಿಟ್ಟಿದ್ದು ಅಂದರು. ಮಾರುವುದು ಬೇಡ ಅಂತ ಮನೆಯಲ್ಲಿ ತೀರ್ಮಾನವಾಯಿತು. 786 ನೋಟುಗಳನ್ನು ಸಹಿಯ ಪ್ರಕಾರ ಜೋಡಿಸಿದೆ. ರಂಗರಾಜನ್ ಸಹಿಯದು, ಊರ್ಜಿತ್ ಪಟೇಲ್ ಸಹಿಯದು ಎರಡೂ ಇಲ್ಲ, ಉಳಿದವು ಇವೆ. ಬಿಮಲ್ ಜಲಾನ್ ಮತ್ತು ಸುಬ್ಬರಾವ್ ಸಹಿಯವು ಮೂರು ಮೂರು ಇವೆ, ಯಾರಿಗಾದರೂ ಬದಲಿಗೆ ಬೇಕಿದ್ದರೆ ಹೇಳಿ.

ಇನ್ನೊಂದೇ ಪ್ರಶ್ನೆ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕ, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಡೈರಿಯ ಕೆಲವು ಹಾಳೆಗೆ ಆಗಲೇ ಹಿಡಿದಿದೆ. ನೋಟುಗಳನ್ನು ಹೇಗೆ ಇಡಲಿ? ಎರಡು ನೋಟಿನ ಮೇಲೆ ಸೆಲ್ಲೋಟೇಪ್ ಬೇರೆ ಇದೆ.

ಚಿಲ್ಲರೆ ಚಂದ್ರು, ಬೆಂಗಳೂರು:

ಡೈರಿಯಿಂದ ಇವತ್ತೇ ಹೊರಗೆ ತೆಗೆಯಿರಿ. ನೋಟು ಹತ್ತಿಯ ಕಾಗದ, ತೇವ ಹೀರುತ್ತದೆ. ಡೈರಿಯ ಹಾಳೆಯ ಬೂಷ್ಟು, ಬರೆದ ಶಾಯಿ ಎರಡೂ ನೋಟಿಗೆ ಇಳಿಯುತ್ತವೆ.

ನೋಟಿಗೆಂದೇ ಮಾಡಿದ ಪಾರದರ್ಶಕ ಜೇಬುಗಳು ಸಿಗುತ್ತವೆ. ಕೊಳ್ಳುವಾಗ ಪಿವಿಸಿ ಬೇಡ ಅಂತ ಕೇಳಿ. ಪಿವಿಸಿ ಕವರಿನಲ್ಲಿ ನೋಟು ಕಾಲ ಕಳೆದಂತೆ ಅಂಟಂಟಾಗಿ ಬಣ್ಣ ಕೆಡುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರುವುದು ಒಳ್ಳೆಯದು. ಒಂದು ಜೇಬಿಗೆ ಒಂದೇ ನೋಟು. ಮೂಲೆ ಹಿಡಿದು ಸೇರಿಸಿ, ನಂಬರಿನ ಮೇಲೆ ಬೆರಳು ಇಡಬೇಡಿ. ಸ್ಟೇಪ್ಲರ್ ಪಿನ್ ಇದ್ದರೆ ಎಳೆಯದೆ ಹಿಂಬದಿಯಿಂದ ಕಾಲು ಬಿಡಿಸಿ ತೆಗೆಯಿರಿ.

ಆಲ್ಬಮ್ಮನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಪೊಟ್ಟಣ ಬದಲಾಯಿಸಿ. ಗೋಡೆಗೆ ತಾಗಿದ ಬೀರು ಬೇಡ, ನಿಮ್ಮ ಕಡೆ ಗೋಡೆಯೇ ಒದ್ದೆ ಇರುತ್ತದಲ್ವಾ. ನುಸಿಗುಳಿಗೆಯನ್ನೂ ಡಬ್ಬಿಯೊಳಗೆ ಹಾಕಬೇಡಿ. ಬೂಷ್ಟು ಹಿಡಿದ ನೋಟು ಇದ್ದರೆ ನೆರಳಿನಲ್ಲಿ ಒಣಗಿಸಿ, ಬೇರೆಯವಕ್ಕೆ ತಾಗದ ಹಾಗೆ ಬೇರೆ ಇಡಿ.

ಸೆಲ್ಲೋಟೇಪ್ ಕೀಳಬೇಡಿ, ಅದರ ಜೊತೆ ಅಚ್ಚೂ ಎದ್ದು ಬರುತ್ತದೆ. ಹಾಗೆಯೇ ಜೇಬಿಗೆ ಹಾಕಿ. ಊರ್ಜಿತ್ ಪಟೇಲ್ ಸಹಿಯ 786 ನನ್ನ ಹತ್ತಿರ ಹತ್ತರದ್ದು ಎರಡು ಇವೆ, ಒಂದು ನಿಮಗೆ. ಬಿಮಲ್ ಜಲಾನ್ ಸಹಿಯದರಲ್ಲಿ ಇಪ್ಪತ್ತರದ್ದು ಇದೆಯಾ ನೋಡಿ ಹೇಳಿ, ಬದಲಾಯಿಸಿಕೊಳ್ಳೋಣ.